ಪೆದ್ದ ಸಸಿ ಮತ್ತು ದಪ್ಪ ದ್ರಾಕ್ಷಿ

ಫೆಬ್ರವರಿ, ಮಾರ್ಚ್ ಬಂತೆಂದರೆ ಮುಂಬಯಿಯ ಕೈಗಾಡಿಗಳ ತುಂಬ ಹಸಿರು ದ್ರಾಕ್ಷಿ. ನಾಸಿಕ್, ಸಾಂಗ್ಲಿಯಲ್ಲಿ ಬೆಳೆಯುವ ಹಾಗೆಯೇ ನಮ್ಮ ವಿಜಯಪುರದಲ್ಲೂ ಬೆಳೆಯುತ್ತಾರೆ. ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ವರ್ಷವೂ ಒಂದೇ ಎಚ್ಚರಿಕೆ: 'ಹಾರ್ಮೋನ್ ಹಾಕಿದ ದ್ರಾಕ್ಷಿ, ಮಕ್ಕಳಿಗೆ ಕೊಡಬೇಡಿ!' ಹಾರ್ಮೋನ್ ಹಾಕುವುದು ನಿಜ. ಆದರೆ ಅದು ಬಂದದ್ದೆಲ್ಲಿಂದ?

ಒಂದು ರೋಗದಿಂದ. ಜಪಾನಿನ ಗದ್ದೆಗಳಲ್ಲಿ ಕೆಲವು ಭತ್ತದ ಸಸಿಗಳು ಸರಸರನೆ ಎತ್ತರ ಬೆಳೆದು, ಬಡಕಲಾಗಿ, ಕಾಳು ಕಟ್ಟದೆ ಸಾಯುತ್ತಿದ್ದವು. ರೈತರು ಇದನ್ನು 'ಬಕಾನೆ' ಎಂದರು, ಅಂದರೆ ಪೆದ್ದ ಸಸಿ. ಕಾರಣ ಒಂದು ಶಿಲೀಂಧ್ರ. 1926ರಲ್ಲಿ ತೈವಾನಿನಲ್ಲಿದ್ದ ಕುರೊಸಾವಾ ಎಂಬ ವಿಜ್ಞಾನಿ ಆ ಶಿಲೀಂಧ್ರ ಬೆಳೆದ ದ್ರವವನ್ನು ಸೋಸಿ ಸಸಿಗೆ ಕೊಟ್ಟರು. ಶಿಲೀಂಧ್ರವಿಲ್ಲದೆಯೂ ಸಸಿ ಉದ್ದವಾಯಿತು! 1935ರಲ್ಲಿ ಯಾಬುತಾ ಆ ವಸ್ತುವಿಗೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. ಗಿಡಗಳೂ ಬೆಳೆಯಲು ಇದನ್ನೇ ತಯಾರಿಸಿಕೊಳ್ಳುತ್ತವೆ ಎಂಬುದು ಆಮೇಲೆ ತಿಳಿಯಿತು.

ದ್ರಾಕ್ಷಿಯಲ್ಲಿ ಬೀಜವೇ ಈ ಹಾರ್ಮೋನ್ ಒದಗಿಸುತ್ತದೆ. ಬೀಜವಿಲ್ಲದ ತಳಿಯ ಹಣ್ಣು ಹಾಗಾಗಿ ಸಣ್ಣದು. ಅದಕ್ಕೇ ರೈತರು ಗೊಂಚಲನ್ನು 'ಜಿಎ' ದ್ರಾವಣದಲ್ಲಿ ಅದ್ದುತ್ತಾರೆ. ಈ ಜಿಎ ಇಂದಿಗೂ ಅದೇ ಶಿಲೀಂಧ್ರವನ್ನು ಟ್ಯಾಂಕಿನಲ್ಲಿ ಬೆಳೆಸಿ ತೆಗೆಯುವಂಥದ್ದು.

ನಾವು ಹೆಚ್ಚು ಗಮನಿಸಬೇಕಾದ್ದು ಕೀಟ, ಬೂಷ್ಟುಗಳಿಗೆ ಹೊಡೆಯುವ ಔಷಧಿಯ ಉಳಿಕೆಯನ್ನು. ಹಣ್ಣನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಇನ್ನು ಜಿಎ ವಿಷಯಕ್ಕೆ ರೈತನನ್ನು ದೂರುವ ಮುನ್ನ ಒಂದು ಮಾತು: ಸಣ್ಣ ಹಣ್ಣಿನ ಗೊಂಚಲನ್ನು ಪಕ್ಕಕ್ಕೆ ಸರಿಸಿ ದಪ್ಪನೆಯದನ್ನೇ ತೂಗಿಸಿಕೊಳ್ಳುವವರು ನಾವೇ ಅಲ್ಲವೇ?