ಕೋಡಿ ಹರಿದ ನೀರು ಎಲ್ಲಿಗೆ ಹೋಗುತ್ತದೆ?

ಮನೆಗೆ ನೆಂಟರು ಬಂದರೆ ಕೋಲಾರದವರು ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ? ಅಂತರಗಂಗೆ ಬೆಟ್ಟಕ್ಕೆ, ಹೈದರಾಲಿಯ ತಂದೆ ಫತೇ ಮುಹಮ್ಮದ್‌ರ ಸಮಾಧಿಯಿರುವ ಮಖ್ಬರಾಕ್ಕೆ, ಮುಳಬಾಗಿಲಿನ ಹೈದರ್ ವಲಿ ದರ್ಗಾಕ್ಕೆ. ದಾರಿಯುದ್ದಕ್ಕೂ ಬಸ್ಸು ಒಂದಲ್ಲ ಒಂದು ಕೆರೆಯ ಏರಿಯ ಮೇಲೋ ಪಕ್ಕದಲ್ಲೋ ಸಾಗುತ್ತದೆ. ಆದರೆ ಆ ಏರಿಯನ್ನು ನೋಡಲೆಂದು ಇಳಿದವರನ್ನು ನೀವು ಕಂಡಿದ್ದೀರಾ?

ರೋಮನ್ನರು 1ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಪೋಂ ದು ಗಾರ್ ಮೇಲ್ಗಾಲುವೆಯ ಚಿತ್ರವನ್ನು ನೀವು ಪುಸ್ತಕದಲ್ಲೋ ಟಿ.ವಿ.ಯಲ್ಲೋ ನೋಡಿರಬಹುದು. ಮೂರು ಅಂತಸ್ತಿನ ಕಮಾನು, ಸುಮಾರು 49 ಮೀಟರ್ ಎತ್ತರ. ಪಂಪು ಇಲ್ಲ, ಕರೆಂಟು ಇಲ್ಲ. ಇಳಿಜಾರನ್ನೇ ನಂಬಿ ಹರಿಸಿದ ನೀರು. ನಿಜಕ್ಕೂ ಬೆರಗಿನ ಕೆಲಸ. ಆದರೆ ಅದೇ ಇಳಿಜಾರಿನ ಲೆಕ್ಕವನ್ನು ನಮ್ಮ ಹಿರಿಯರು ಕಮಾನಿಲ್ಲದೆ, ಮಣ್ಣು ಮತ್ತು ಒರಟು ಕಲ್ಲಿನಿಂದಲೇ ಮಾಡಿ ಮುಗಿಸಿದರು. ಕಣ್ಣಿಗೆ ದೊಡ್ಡದಾಗಿ ಕಾಣದ ಕಾರಣ ನಾವು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಎಂಬ ಹೆಸರುಗಳಿವೆ, ಮಳೆ ಬಂದರೆ ಮಾತ್ರ ನೀರು. ಆದ್ದರಿಂದಲೇ ಇಲ್ಲಿ ಕೆರೆಗಳು ಹುಟ್ಟಿದವು. ಇಂದಿನ ಕೋಲಾರ ಜಿಲ್ಲೆಯೊಂದರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ.

ಒಂದು ಹಳೆಯ ಏರಿಯನ್ನು ಹತ್ತಿರದಿಂದ ನೋಡಿ. ನೀರಿನ ಕಡೆಯ ಮೈಗೆ ಕಲ್ಲು ಜೋಡಿಸಿರುತ್ತಾರೆ. ಹೆಚ್ಚಿನ ಕಡೆ ಅದಕ್ಕೆ ಗಾರೆಯೂ ಇಲ್ಲ, ಸಿಮೆಂಟಂತೂ ಇಲ್ಲವೇ ಇಲ್ಲ. ಅದು ಬಡತನದ ಗುರುತಲ್ಲ. ಅಲೆ ಬಂದು ಬಡಿದಾಗ ಒರಟು ಕಲ್ಲು ಅದರ ಬಲವನ್ನು ಮುರಿಯುತ್ತದೆ. ಕೆರೆಯ ನೀರು ಇಳಿದಾಗ ಮಣ್ಣಿನೊಳಗೆ ಉಳಿದ ತೇವ ಸಂದುಗಳಿಂದ ಹೊರಗೆ ಬರುತ್ತದೆ. ಏರಿ ಸ್ವಲ್ಪ ಕುಸಿದರೂ ಕಲ್ಲುಗಳು ಅದರೊಂದಿಗೆ ಹೊಂದಿಕೊಂಡು ಕೂರುತ್ತವೆ. ಸಿಮೆಂಟು ಬಳಿದ ಗೋಡೆಯಾದರೆ ಬಿರುಕು ಬಿಡುತ್ತದೆ.

ಇನ್ನು ತೂಬು. ನೀರಿನ ನಡುವೆ ನಿಂತ ಎರಡು ಕಲ್ಲು ಕಂಬ, ಅವುಗಳ ನಡುವೆ ತೂತು ಕೊರೆದ ಅಡ್ಡ ಚಪ್ಪಡಿಗಳು. ಆ ತೂತುಗಳ ಮೂಲಕ ಇಳಿದ ಉದ್ದನೆಯ ಕೋಲಿನ ತುದಿಯಲ್ಲಿ ಒಂದು ಬಿರಡೆ. ಕೋಲನ್ನು ಎಷ್ಟು ಎತ್ತುತ್ತೀರೋ ಅಷ್ಟು ನೀರು ಏರಿಯ ಅಡಿಯ ಕಲ್ಲಿನ ಕಾಲುವೆಗೆ ಇಳಿದು ಆಚೆಯ ಗದ್ದೆಗೆ ಹೋಗುತ್ತದೆ. ನಲ್ಲಿ ತಿರುಗಿಸುವಷ್ಟೇ ಸರಳ. ಆದರೆ ಮಣ್ಣಿನ ಏರಿಯ ಹೊಟ್ಟೆಯೊಳಗೆ ಕಾಲುವೆ ಹಾಯಿಸಿ, ಅದು ಸೋರದಂತೆ ಜೇಡಿಮಣ್ಣು ದಮ್ಮಸು ಮಾಡುವುದು ಸರಳವಲ್ಲ. ಅಲ್ಲಿ ಸೋರಿದರೆ ಇಡೀ ಏರಿಯೇ ಹೋದಂತೆ.

ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾಗುವುದು ಕೋಡಿ. ಏರಿಗಿಂತ ತಗ್ಗಾಗಿ, ಸಾಧ್ಯವಾದಷ್ಟೂ ಗಟ್ಟಿ ಬಂಡೆಯಿರುವ ಕಡೆಗೆ ಕೆರೆಯ ಒಂದು ತುದಿಯಲ್ಲಿ ಅದನ್ನು ಇಡುತ್ತಾರೆ. ಕೆರೆ ತುಂಬಿದ ಮೇಲೆ ಮಿಕ್ಕ ನೀರು ಅಲ್ಲಿಂದ ರಾಜಕಾಲುವೆಗೆ ಇಳಿದು ಕೆಳಗಿನ ಊರಿನ ಕೆರೆಗೆ ಸೇರುತ್ತದೆ. ಅದು ತುಂಬಿದರೆ ಮುಂದಿನದಕ್ಕೆ. ಮೇಲಿನ ಊರಿನವರು ತಮ್ಮ ಕೋಡಿಯನ್ನು ಒಂದು ಅಡಿ ಎತ್ತರಿಸಿದರೂ ಕೆಳಗಿನವರ ಪಾಲು ಕಡಿಮೆಯಾಗುತ್ತದೆ. ಹೀಗಾಗಿ ಕೋಡಿಯ ಎತ್ತರವೆಂದರೆ ಎರಡು ಊರುಗಳ ನಡುವಿನ ಮಾತು.

ಈ ಮಾತು ಇಂದಿಗೂ ಕೆಲಸ ಮಾಡುತ್ತಿದೆ ಎಂದರೆ ನಂಬುತ್ತೀರಾ? ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರಕ್ಕೆ ತರುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಅಲ್ಲಿಯವರೆಗೆ ಪಂಪು, ಪೈಪು. ಅಲ್ಲಿಂದ ಮುಂದೆ ಬಹುಪಾಲು ಹಳೆಯ ಕೋಡಿ, ಹಳೆಯ ಕಾಲುವೆಗಳೇ ಕೆರೆಯಿಂದ ಕೆರೆಗೆ ನೀರನ್ನು ಒಯ್ದವು. ಆ ನೀರಿನ ಶುದ್ಧತೆಯ ಬಗ್ಗೆ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ವ್ಯಾಜ್ಯ ನಡೆಯಿತು. ಮೂರನೇ ಹಂತದ ಸಂಸ್ಕರಣೆ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ನೀರನ್ನು ಹಂಚಲು ಇಂದಿನ ಎಂಜಿನಿಯರುಗಳೂ ಹಳೆಯ ದಾರಿಯನ್ನೇ ನೆಚ್ಚಿದರು.

ಕಲ್ಲು ಗಟ್ಟಿಯಾಗಿದ್ದರಿಂದ ಇವೆಲ್ಲ ಉಳಿದವು ಎಂದುಕೊಳ್ಳಬೇಡಿ. ಬೇತಮಂಗಲದ ದೊಡ್ಡ ಕೆರೆಯ ಬಗ್ಗೆ ಶಾಸನಗಳಿವೆ. ನೊಳಂಬರ ಕಾಲದಲ್ಲೊಮ್ಮೆ, ಹೊಯ್ಸಳರ ಕಾಲದಲ್ಲಿ ಮತ್ತೊಮ್ಮೆ ಅದನ್ನು ದುರಸ್ತಿ ಮಾಡಿಸಿದ ಸಂಗತಿ ಅವುಗಳಲ್ಲಿದೆ. ಕಟ್ಟಿದವರಷ್ಟೇ ಗೌರವ ದುರಸ್ತಿ ಮಾಡಿದವರಿಗೂ ಇತ್ತು.

ಮಕ್ಕಾದ ಐನ್ ಝುಬೈದಾ ಕಾಲುವೆಯ ಕಥೆಯೂ ಇದೇ. ಖಲೀಫ ಹಾರೂನ್ ರಶೀದರ ಪತ್ನಿ ಝುಬೈದಾ ಸುಮಾರು 1,200 ವರ್ಷಗಳ ಹಿಂದೆ ಹಜ್ ಯಾತ್ರಿಕರ ಬಾಯಾರಿಕೆ ಕಂಡು, ತಮ್ಮ ಹಣ ಸುರಿದು, ಬೆಟ್ಟಗಳ ನಡುವಿನಿಂದ ಆ ನೀರನ್ನು ತರಿಸಿದರು. ಅವರ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ಆದರೆ 16ನೇ ಶತಮಾನದಲ್ಲಿ ಅದು ಹಾಳಾದಾಗ ದುರಸ್ತಿಗೆ ಹಣ ಕೊಟ್ಟವರು ಸುಲ್ತಾನ್ ಸುಲೈಮಾನರ ಮಗಳು ಮಿಹ್ರಿಮಾ. ಈ ಹೆಸರನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ?

ನಮ್ಮ ಹಳ್ಳಿಗಳ ಮಿಹ್ರಿಮಾ ಎಂದರೆ ನೀರುಗಂಟಿ. ತೂಬು ತೆರೆಯುವವನು, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವವನು, ಮಳೆಯ ರಾತ್ರಿ ಲಾಟೀನು ಹಿಡಿದು ಏರಿ ಕಾಯುವವನು. ಕೂಲಿಯೆಂದರೆ ಒಂದಿಷ್ಟು ಇನಾಮು ಜಮೀನು, ಸುಗ್ಗಿಯಲ್ಲಿ ಒಂದಿಷ್ಟು ಕಾಳು. 1961ರ ಕಾನೂನು ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಹುಟ್ಟಿನಿಂದ ಬರುವ ಚಾಕರಿ ಹೋದದ್ದು ಒಳ್ಳೆಯದೇ. ಆದರೆ ಆ ಕೆಲಸಕ್ಕೆ ಸಂಬಳ ಕೊಟ್ಟು ಬೇರೆಯವರನ್ನು ಇಡಬೇಕೆಂದು ಎಷ್ಟು ಊರುಗಳಿಗೆ ಹೊಳೆಯಿತು? ಕೆರೆಯಲ್ಲಿ ಹೂಳು ತುಂಬಿತು, ಕಾಲುವೆಯಲ್ಲಿ ಜಾಲಿ ಬೆಳೆಯಿತು. ನಾವು ಸಾವಿರ ಅಡಿಗೂ ಆಳಕ್ಕೆ ಬೋರ್‌ವೆಲ್ ಕೊರೆದು ಫ್ಲೋರೈಡ್ ನೀರು ಕುಡಿದೆವು.

2021ರ ನವೆಂಬರ್ ಮಳೆಗೆ ಬಹಳ ವರ್ಷಗಳ ನಂತರ ಕೆರೆಗಳು ಕೋಡಿ ಹರಿದವು. ನೀರು ತನ್ನ ಹಳೆಯ ದಾರಿ ಹಿಡಿಯಿತು. ಆ ದಾರಿಯಲ್ಲಿ ಈಗ ಬಡಾವಣೆಗಳಿದ್ದವು. ಮನೆಗಳಿಗೆ ನೀರು ನುಗ್ಗಿದಾಗ ಎಲ್ಲರೂ ಮಳೆಯನ್ನು ಬೈದರು.

ಹಾಗಾಗಿ ಮಗಳ ಮದುವೆಗೋ ಮಗನ ಮನೆಗೋ ಎಂದು ಕೂಡಿಟ್ಟ ಹಣದಿಂದ ಸೈಟು ಕೊಳ್ಳುವವರು ಪತ್ರ ನೋಡಿದರೆ ಸಾಲದು. ಸರ್ವೆ ಇಲಾಖೆಯ ಗ್ರಾಮ ನಕಾಶೆ ತರಿಸಿ, ಕೆರೆಯ ಕೋಡಿ ಎಲ್ಲಿದೆ, ಅಲ್ಲಿಂದ ಹೊರಟ ಕಾಲುವೆಯ ಗೆರೆ ಎಲ್ಲಿ ಹಾದಿದೆ ಎಂದು ಬೆರಳಿಟ್ಟು ನೋಡಿ. ಪಹಣಿಯಲ್ಲಿ ‘ಬಿ ಖರಾಬು’ ಎಂದಿದ್ದರೆ ಅಷ್ಟು ಜಾಗ ಹಳ್ಳ, ಕಾಲುವೆ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಊರಿನ ವಯಸ್ಸಾದವರನ್ನೂ ಒಂದು ಮಾತು ಕೇಳಿ. ಕೆರೆ ತುಂಬಿದ ವರ್ಷ ನೀರು ಯಾವ ಕಡೆ ಹೋಗಿತ್ತೆಂದು ಅವರು ಕೂತಲ್ಲಿಂದಲೇ ಕೈ ಮಾಡಿ ತೋರಿಸುತ್ತಾರೆ.