ಮೂವರ ಹೆಸರೂ ಸಿಕ್ಕಿತು, ಜಮೀನು ಆ ಮೂವರದ್ದೇನಾ?

ಕಂಪ್ಯೂಟರ್‌ನಲ್ಲಿ ಹುಡುಕಿದಾಗ ಮೂವರ ಹೆಸರೂ ಬಂತು, ಹಾಗಾದರೆ ಜಮೀನು ಆ ಮೂವರದ್ದೇ ಎಂದು ನಂಬುವವರಿದ್ದಾರೆ. ಇದು ಅರ್ಧ ಸತ್ಯ.

ಕರ್ನಾಟಕದ ಪಹಣಿಗಳು ‘ಭೂಮಿ’ ಯೋಜನೆಯಡಿ ಕಂಪ್ಯೂಟರ್‌ಗೆ ಬಂದಿವೆ. ಒಂದು ಸರ್ವೆ ನಂಬರಿಗೆ ಹಲವು ಖಾತೆದಾರರು, ಒಬ್ಬ ಖಾತೆದಾರರಿಗೆ ಹಲವು ಸರ್ವೆ ನಂಬರು ಇರುವುದುಂಟು.

ಹೀಗೆ ಊಹಿಸಿಕೊಳ್ಳಿ. ಸೊರಬದ ಒಂದು ಗದ್ದೆಗೆ ತಾಯಿ, ಇಬ್ಬರು ಗಂಡುಮಕ್ಕಳು, ಶಿಕಾರಿಪುರಕ್ಕೆ ಮದುವೆಯಾಗಿ ಹೋದ ಮಗಳು ಜಂಟಿ ಖಾತೆದಾರರು. ಆಕೆಯ ಸಹಿಯಿಲ್ಲದೆ ಆಕೆಯ ಪಾಲು ಮಾರುವಂತಿಲ್ಲ. ಇಂಥ ದಾಖಲೆಯಲ್ಲಿ ಹುಡುಕಲು ಎಸ್‌ಕ್ಯುಎಲ್ ಭಾಷೆಯಲ್ಲಿ ಪ್ರಶ್ನೆ ಬರೆಯುವ ಹೊಸಬರು, ‘ವೇರ್’ ಷರತ್ತಿನಲ್ಲಿ ಉಳಿದ ಮೂವರ ಹೆಸರು ಕೊಟ್ಟು, ಎಣಿಕೆ 3 ಬಂದರೆ ಸರಿ ಎನ್ನುತ್ತಾರೆ. ಎಡವುವುದು ಇಲ್ಲೇ. ‘ವೇರ್’ ಎಣಿಸುವ ಮೊದಲೇ ಬೇರೆ ಹೆಸರುಗಳನ್ನು ಜರಡಿ ಹಿಡಿದುಬಿಡುತ್ತದೆ. ಮಗಳು ಲೆಕ್ಕಕ್ಕೇ ಬರುವುದಿಲ್ಲ! ಕಂಪ್ಯೂಟರ್ ಸುಳ್ಳು ಹೇಳಿಲ್ಲ, ಕೇಳಿದ್ದಕ್ಕಷ್ಟೇ ಉತ್ತರಿಸಿದೆ.

‘ವೇರ್’ನಲ್ಲಿ ಸೋಸದೆ, ‘ಗ್ರೂಪ್ ಬೈ’ಯಿಂದ ಸರ್ವೆ ನಂಬರುವಾರು ಗುಂಪು ಮಾಡಿ, ‘ಹ್ಯಾವಿಂಗ್’ನಲ್ಲಿ ಎರಡು ಎಣಿಕೆ ಕೇಳಬೇಕು: ಒಟ್ಟು ಖಾತೆದಾರರು 3, ಅವರಲ್ಲಿ ನಮ್ಮ ಪಟ್ಟಿಯವರೂ 3. ಈ ಗದ್ದೆಯ ಒಟ್ಟು 4, ಹಾಗಾಗಿ ಅದು ಉತ್ತರದಲ್ಲಿ ಬರುವುದಿಲ್ಲ. (ಒಂದೇ ಹೆಸರಿನವರು ಇಬ್ಬರಿರಬಹುದು, ಹೆಸರಿಗಿಂತ ಗುರುತಿನ ಸಂಖ್ಯೆ ವಾಸಿ.)

ಯಾರಾದರೂ ಸ್ಕ್ರೀನ್‌ಶಾಟ್ ಕಳಿಸಿದರೆ ಪೂರ್ತಿ ಪಹಣಿ ತೆಗೆಸಿ, ಕಾಲಂ 9ರ ಹೆಸರುಗಳನ್ನು ಕೊನೆಯ ಸಾಲಿನವರೆಗೂ ಎಣಿಸಿ.