‘ಲೆಕ್ಕ ನನಗೂ ಬರುತ್ತದೆ’



‘ಗಣಿತ ನನ್ನ ತಲೆಗೆ ಹತ್ತುವುದಿಲ್ಲ’ ಎಂಬ ಮಾತನ್ನು ನೀವು ಎಷ್ಟೋ ಸಲ ಕೇಳಿರುತ್ತೀರಿ. ಐದನೇ ತರಗತಿಯ ಮಗು ಭಿನ್ನರಾಶಿ ಕಂಡಾಗ ಹೀಗೆನ್ನುತ್ತದೆ. ವಿಶ್ವವಿದ್ಯಾಲಯದಲ್ಲಿ ಓದುವ ಯುವಕ ಯುವತಿಯರೂ ಹೀಗೆನ್ನುತ್ತಾರೆ. ಲೆಕ್ಕ ಬಾರದೆ ನಂಬಿಕೆ ಹೋಯಿತೋ, ನಂಬಿಕೆ ಹೋಗಿ ಲೆಕ್ಕ ಬಾರದಾಯಿತೋ? ಯೋಚಿಸಿ ನೋಡಿ.

1939ರಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಡೆದ ಘಟನೆ ಇದು. ಜಾರ್ಜ್ ಡಾಂಟ್ಸಿಗ್ ಎಂಬ ವಿದ್ಯಾರ್ಥಿ ಪ್ರಾಧ್ಯಾಪಕ ನೇಮನ್ ಅವರ ತರಗತಿಗೆ ತಡವಾಗಿ ಬಂದ. ಕರಿಹಲಗೆಯ ಮೇಲೆ ಎರಡು ಸಮಸ್ಯೆಗಳಿದ್ದವು. ಮನೆಗೆಲಸವೆಂದು ತಿಳಿದು ಬರೆದುಕೊಂಡ. ಎಂದಿಗಿಂತ ಸ್ವಲ್ಪ ಕಷ್ಟ ಎನಿಸಿದರೂ ಬಿಡಿಸಿ, ತಡವಾದದ್ದಕ್ಕೆ ಕ್ಷಮೆ ಕೇಳಿ ಒಪ್ಪಿಸಿದ. ಅವು ಅದುವರೆಗೆ ಯಾರೂ ಬಿಡಿಸಿರದ ಸಂಖ್ಯಾಶಾಸ್ತ್ರದ ಸಮಸ್ಯೆಗಳಾಗಿದ್ದವು!

‘ಬಿಡಿಸಲಾಗದ ಸಮಸ್ಯೆ’ ಎಂದು ಮೊದಲೇ ಕೇಳಿದ್ದರೆ ಆತ ಪೆನ್ನು ಎತ್ತಿಕೊಳ್ಳುತ್ತಿದ್ದನೇ? ಆದರೆ ಈ ಕಥೆಗೆ ಇನ್ನೊಂದು ಭಾಗವೂ ಇದೆ. ಡಾಂಟ್ಸಿಗ್‌ನ ತಂದೆ ಗಣಿತಜ್ಞರು. ಶಾಲೆಯ ದಿನಗಳಲ್ಲಿ ಮಗನಿಗೆ ರೇಖಾಗಣಿತದ ಸಾವಿರಾರು ಸಮಸ್ಯೆಗಳನ್ನು ಕೊಟ್ಟಿದ್ದರು. ಆತನ ನಂಬಿಕೆ ಬರಿಗೈಯದ್ದಾಗಿರಲಿಲ್ಲ, ಅದರ ಹಿಂದೆ ಅಷ್ಟು ಅಭ್ಯಾಸವಿತ್ತು.

‘ಈ ಕೆಲಸ ನನ್ನಿಂದಾಗುತ್ತದೆ’ ಎಂಬ ನಂಬಿಕೆಯ ಬಗ್ಗೆ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರವಾಗಿ ಬರೆದರು. ಅದಕ್ಕೆ ನಾಲ್ಕು ಮೂಲಗಳು: ಸ್ವಂತ ಯಶಸ್ಸು, ತಮ್ಮಂಥವರೇ ಗೆದ್ದದ್ದನ್ನು ನೋಡುವುದು, ಇತರರ ಪ್ರೋತ್ಸಾಹದ ಮಾತು ಮತ್ತು ಭಯ-ಆತಂಕಗಳಿಲ್ಲದ ಸ್ಥಿತಿ. ಇವುಗಳಲ್ಲಿ ಸ್ವಂತ ಯಶಸ್ಸಿಗೇ ಹೆಚ್ಚು ಬಲ.

1994ರಲ್ಲಿ ಪಜಾರೆಸ್ ಮತ್ತು ಮಿಲ್ಲರ್ ಎಂಬ ಸಂಶೋಧಕರು 350 ಪದವಿ ವಿದ್ಯಾರ್ಥಿಗಳ ಅಧ್ಯಯನವನ್ನು ಪ್ರಕಟಿಸಿದರು. ಯಾರು ಲೆಕ್ಕಗಳನ್ನು ಚೆನ್ನಾಗಿ ಬಿಡಿಸುತ್ತಾರೆಂದು ಊಹಿಸಲು, ಅವರು ಹಿಂದೆ ಎಷ್ಟು ಗಣಿತ ಓದಿದ್ದರು, ಹುಡುಗನೋ ಹುಡುಗಿಯೋ ಎಂಬುದಕ್ಕಿಂತ ಆ ಲೆಕ್ಕಗಳ ಬಗ್ಗೆ ಅವರಿಗಿದ್ದ ನಂಬಿಕೆಯೇ ಹೆಚ್ಚು ನೆರವಾಯಿತು. ಕಾರಣ ಸರಳ. ನಂಬಿಕೆ ಇದ್ದವರು ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಹುಡುಕುತ್ತಾರೆ. ಇಲ್ಲದವರು ಬೇಗ ಪೆನ್ನು ಕೆಳಗಿಡುತ್ತಾರೆ.

ಹಾಗಾದರೆ ‘ನೀನು ಜಾಣ, ನೀನು ಜಾಣೆ’ ಎಂದು ಹೊಗಳಿದರೆ ಸಾಕೇ? ಸಾಲದು. ಮಾಡಿ ಗೆದ್ದ ಅನುಭವವಿಲ್ಲದೆ ಹೊಗಳಿಕೆ ಮೊದಲ ಪರೀಕ್ಷೆಯಲ್ಲೇ ಕರಗಿಹೋಗುತ್ತದೆ.

ಒಂದು ಉದಾಹರಣೆ ನೋಡಿ. 1/2 ಮತ್ತು 1/3 ಕೂಡಿಸಿ ಎಂದರೆ ಮಗು 2/5 ಎಂದು ಬರೆಯುತ್ತದೆ. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುವ ಮೊದಲು ಕೇಳಿ: ‘ಅರ್ಧ ರೊಟ್ಟಿಗೆ ಇನ್ನಷ್ಟು ರೊಟ್ಟಿ ಸೇರಿಸಿದೆಯಲ್ಲ, ನಿನ್ನ ಉತ್ತರ ಅರ್ಧಕ್ಕಿಂತ ಹೆಚ್ಚಿದೆಯೋ ಕಡಿಮೆಯೋ?’ ಐದು ಭಾಗದಲ್ಲಿ ಎರಡು ಅರ್ಧಕ್ಕಿಂತ ಕಡಿಮೆ! ತಪ್ಪನ್ನು ಮಗುವೇ ಕಂಡುಹಿಡಿಯಿತು. ರೊಟ್ಟಿಯನ್ನು ಆರು ಭಾಗ ಮಾಡಿಸಿದರೆ ಮೂರು ಮತ್ತು ಎರಡು ಸೇರಿ 5/6 ಎಂಬುದನ್ನೂ ಅದೇ ಹೇಳುತ್ತದೆ. ಈಗ ಆ ಮಗುವೇ ಕರಿಹಲಗೆಯ ಬಳಿ ನಿಂತು ಗೆಳೆಯರಿಗೆ ವಿವರಿಸಲಿ. ನೋಡುವ ಮಕ್ಕಳಿಗೂ ‘ಇವಳಿಗೆ ಬಂದದ್ದು ನನಗೂ ಬಂದೀತು’ ಎನಿಸುತ್ತದೆ.

‘ಇಷ್ಟೂ ಗೊತ್ತಾಗುವುದಿಲ್ಲವೇ?’ ಎಂಬ ಒಂದು ಮಾತು ನಮಗೆ ಸಂಜೆಯೊಳಗೆ ಮರೆತುಹೋಗುತ್ತದೆ. ಮಗು ಅದನ್ನು ಹತ್ತು ವರ್ಷ ಹೊತ್ತುಕೊಂಡು ಕಾಲೇಜಿನ ಪರೀಕ್ಷಾ ಕೊಠಡಿಗೂ ಹೋಗಬಹುದು. ಅಲ್ಲಿ ಅದರ ಜೊತೆ ನಾವು ಇರುವುದಿಲ್ಲ. ಇಂದು ತಾನೇ ಬಿಡಿಸಿದ ಒಂದು ಲೆಕ್ಕದ ನೆನಪಾದರೂ ಜೊತೆಗಿರಲಿ.